ಎರಡೂವರೆ ವರ್ಷ ತೊಟ್ಟ ಬಿಗಿ ಬನಿಯನ್: ಹಿಡಿದಿಡುತ್ತದೆ, ಕುಗ್ಗಿಸುವುದಿಲ್ಲ

126 ಕಿಲೋ ಇದ್ದವನು ಜಠರ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಮತ್ತು ಪಥ್ಯದಿಂದ ಒಂದೂವರೆ ವರ್ಷದಲ್ಲಿ 74ಕ್ಕೆ ಇಳಿದೆ. ಸರಕು ಖಾಲಿಯಾಯಿತು, ಗೋಣಿಚೀಲ ಉಳಿಯಿತು. ಹೊಟ್ಟೆಯ ಚರ್ಮ ಮಡಿಕೆಯಾಗಿ ತೊಡೆಯ ಬುಡಕ್ಕೆ ಇಳಿಬಿದ್ದಿದೆ. ತೋಳು ಎತ್ತಿದರೆ ಕೆಳಗೊಂದು ಜೋಲಿ. ಮೆಟ್ಟಿಲಿಳಿಯುವಾಗ ಇದೆಲ್ಲ ನನಗಿಂತ ಅರ್ಧ ಹೆಜ್ಜೆ ತಡವಾಗಿ ಇಳಿಯುತ್ತದೆ.

ಅದಕ್ಕಾಗಿ ಕೊಂಡದ್ದು ನೈಲಾನ್-ಸ್ಪ್ಯಾಂಡೆಕ್ಸ್‌ನ ಕಂಪ್ರೆಷನ್ ಬನಿಯನ್. ಎರಡೂವರೆ ವರ್ಷದಲ್ಲಿ ನಾಲ್ಕು ಸವೆಸಿದ್ದೇನೆ. ದೂರುಗಳೂ ಇರುವುದರಿಂದ ಕಂಪನಿಯ ಹೆಸರು ಬೇಡ. ಐದರಲ್ಲಿ ಮೂರು ಅಂಕ.

ಮೊದಲ ದಿನ ತೊಡಲು ಹತ್ತು ನಿಮಿಷ ಹಿಡಿಯಿತು. ಬಿಚ್ಚಲು ಹೆಂಡತಿಯನ್ನು ಕರೆಯಬೇಕಾಯಿತು. "ಇದೇನು, ದಿಂಬಿಗೆ ಸಣ್ಣ ಗವುಸು ತುರುಕಿದ ಹಾಗಿದೆಯಲ್ಲ" ಎಂದಳು. ತಪ್ಪು ನನ್ನದೇ. ತೂಕ ನೋಡಿ ಅಳತೆ ಆರಿಸಿದ್ದೆ. ನಮ್ಮಂಥವರು ನಿಂತುಕೊಂಡು, ಜೋತ ಚರ್ಮವನ್ನೂ ಸೇರಿಸಿ ಟೇಪು ಸುತ್ತಿ ಅಳೆಯಬೇಕು. ಆ ಲೆಕ್ಕದಲ್ಲಿ ನನಗೆ ಒಂದು ಅಳತೆ ದೊಡ್ಡದೇ ಬೇಕಿತ್ತು.

ಸರಿಯಾದ ಅಳತೆಯದು ಸಿಕ್ಕ ಮೇಲೆ ಗುಣ ಗೊತ್ತಾಯಿತು. ವೇಗವಾಗಿ ನಡೆದರೂ ಹೊಟ್ಟೆ ಎಳೆಯುವುದಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ತೋಳಿನ ಜೋಲಿ ಅಲುಗುವುದಿಲ್ಲ. ಅಂಗಿ ಮೈಮೇಲೆ ನೆಟ್ಟಗೆ ಕೂರುತ್ತದೆ. ಆದರೆ ಮದುವೆಮನೆಯಲ್ಲಿ ಪಂಕ್ತಿಗೆ ಚಕ್ಕಳಮಕ್ಕಳ ಹಾಕಿ ಕುಳಿತಿರೋ, ಕೆಳಗಿನ ಅಂಚು ಹಗ್ಗದಂತೆ ಸುರುಳಿ ಸುತ್ತಿ ಮೇಲೇರುತ್ತದೆ. ಪಾಯಸ ಬರುವ ಹೊತ್ತಿಗೆ ಅದು ಪಕ್ಕೆಲುಬಿನ ಬಳಿ ಇರುತ್ತದೆ. ಎರಡನೆಯದರಿಂದ ಟೈಲರ್ ಹತ್ತಿರ ಅಂಚಿಗೆ ಎರಡು ಪಟ್ಟಿ ಹೊಲಿಸಿ ಒಳಚಡ್ಡಿಗೆ ಸಿಕ್ಕಿಸುತ್ತಿದ್ದೇನೆ. ಕಂಪನಿಯವರಿಗೆ ಇದು ಏಕೆ ಹೊಳೆಯಲಿಲ್ಲವೋ.

ಪೊಟ್ಟಣದ ಮೇಲೆ "ಚರ್ಮವನ್ನು ಬಿಗಿಗೊಳಿಸುತ್ತದೆ" ಎಂದಿದೆ. ಶುದ್ಧ ಸುಳ್ಳು. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಅದಕ್ಕೆ ಬಿಗಿ, ಸೆಳೆತ ಕೊಡುವ ಕೊಲಾಜೆನ್, ಎಲಾಸ್ಟಿನ್ ಎಳೆಗಳು ಹಾಳಾಗಿರುತ್ತವೆ. ಬನಿಯನ್, ಮುಲಾಮು, ಹರಳೆಣ್ಣೆ ಯಾವುದೂ ಅವನ್ನು ಮರಳಿಸದು. ವ್ಯಾಯಾಮದಿಂದ ಬೆಳೆಯುವುದು ಒಳಗಿನ ಸ್ನಾಯು, ಹೊರಗಿನ ಚೀಲ ಹಾಗೆಯೇ ಇರುತ್ತದೆ. ಎರಡೂವರೆ ವರ್ಷದಲ್ಲಿ ನನ್ನ ಮಡಿಕೆ ಒಂದು ಅಂಗುಲವೂ ಕಡಿಮೆಯಾಗಿಲ್ಲ.

ನಿಜವಾದ ಶತ್ರು ತೇವ. ನಮ್ಮದು ಕರಾವಳಿ. ಮಳೆಗಾಲದಲ್ಲಿ ಬನಿಯನ್ ಒಣಗಲು ಎರಡು ದಿನ ಬೇಕು. ಮೊದಲ ಜೂನ್‌ನಲ್ಲಿ ಅರೆ ಒದ್ದೆಯದನ್ನೇ ತೊಟ್ಟು ಹೋದೆ, ಮಡಿಕೆಯೊಳಗೆ ಗಜಕರ್ಣ ಎದ್ದಿತು. ಔಷಧದಂಗಡಿಯಲ್ಲಿ ಕೇಳಿ ತಂದ ಟ್ಯೂಬು ಹಚ್ಚಿದರೆ ನಾಲ್ಕು ದಿನ ಸುಮ್ಮನಿದ್ದು ದುಪ್ಪಟ್ಟಾಗಿ ಮರಳಿತು. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತೆಂದು ಚರ್ಮವೈದ್ಯರು ತೋರಿಸಿದರು. ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಈಗ ಸ್ನಾನವಾದ ಮೇಲೆ ಮಡಿಕೆ ಎತ್ತಿ ಒರೆಸಿ, ಹೇರ್ ಡ್ರೈಯರಿನ ತಣ್ಣನೆಯ ಗಾಳಿ ಬಿಟ್ಟು, ಹಳೆಯ ಬೈರಾಸಿನ ತೆಳು ತುಂಡು ಮಡಚಿಟ್ಟು, ಅದರ ಮೇಲೆ ಬನಿಯನ್. ಮಧ್ಯಾಹ್ನ ಕಚೇರಿಯಲ್ಲಿ ತುಂಡು ಬದಲಿಸುತ್ತೇನೆ. ರಾತ್ರಿ ಏನೂ ಇಲ್ಲ, ಫ್ಯಾನ್ ಅಷ್ಟೇ.

ಬಾಳಿಕೆ ಎಂಟು ತಿಂಗಳು. ಬಿಸಿನೀರು, ವಾಷಿಂಗ್ ಮೆಷಿನ್ ತಾಗಿದರೆ ಇನ್ನೂ ಬೇಗ ಜೋಲುತ್ತದೆ, ನನ್ನ ಚರ್ಮದ ಹಾಗೆಯೇ.

ಬನಿಯನ್ ಮುಚ್ಚಲಾಗದ ಒಂದು ಜಾಗವಿದೆ. ನಮ್ಮೂರ ದೇವಸ್ಥಾನದಲ್ಲಿ ಗಂಡಸರು ಅಂಗಿ, ಬನಿಯನ್ ಎರಡೂ ತೆಗೆದೇ ಒಳಗೆ ಹೋಗಬೇಕು. ದಪ್ಪಗಿದ್ದಾಗ ಯಾರೂ ನೋಡುತ್ತಿರಲಿಲ್ಲ. ಈಗ ಎಲ್ಲರೂ ಒಮ್ಮೆ ನೋಡಿ ಬೇರೆಡೆ ತಿರುಗುತ್ತಾರೆ. "ಏನೋ, ಷುಗರ್ ಬಂತೇನೋ?" ಎಂದು ಸೋದರಮಾವ ಸರತಿಯಲ್ಲೇ ಕೇಳಿದರು. ಶಾಲು ಹೊದೆಯಲು ಅಡ್ಡಿಯಿಲ್ಲವೆಂದು ಭಟ್ಟರೇ ಹೇಳಿದ್ದರಿಂದ ಅಷ್ಟು ನೆಮ್ಮದಿ.

ಶಸ್ತ್ರಚಿಕಿತ್ಸೆ ಮಾಡಿಸಬಾರದೇ ಎನ್ನುವಿರಿ. ಜೋತ ಚರ್ಮವನ್ನಷ್ಟೇ ತೆಗೆಯುವ ಪ್ಯಾನಿಕ್ಯುಲೆಕ್ಟಮಿಗೆ ಮೊದಲು ತೂಕ ಕೆಲವು ತಿಂಗಳು ಏರಿಳಿಯದೆ ನಿಂತಿರಬೇಕು. ನನ್ನದು ನಿಂತಿದೆ. ನಿಲ್ಲದಿರುವುದು ವಿಮೆಯ ಪತ್ರವ್ಯವಹಾರ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 40 ದಾಟಿದ್ದಾಗ ತೂಕ ಇಳಿಸಲು ಹಣ ಕೊಟ್ಟವರು ಈಗ ಇದನ್ನು "ಸೌಂದರ್ಯ ಚಿಕಿತ್ಸೆ" ಎಂದು ಬರೆದು ಕಳಿಸಿದ್ದಾರೆ. ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯವಿದೆಯೆಂದು ವೈದ್ಯರು ದೃಢೀಕರಿಸಿದರೆ ವಿನಾಯಿತಿಯುಂಟು. ಹಾಗಾಗಿ ಪ್ರತಿ ಸಲ ಸೋಂಕಾದಾಗಲೂ ಚೀಟಿಯಲ್ಲಿ ಬರೆಸಿ, ಫೋಟೋ ತೆಗೆದಿಡುತ್ತಿದ್ದೇನೆ. ಕಡತ ಈಗ ಬೆರಳು ದಪ್ಪವಾಗಿದೆ.

ಅಲ್ಲಿಯವರೆಗೆ ಬನಿಯನ್ನೇ ಗತಿ. ಮಳೆ ಹಿಡಿಯುವ ಮೊದಲು ಎರಡು ತರಿಸಬೇಕು, ಒಂದು ಒಣಗುವಾಗ ಇನ್ನೊಂದು ತೊಡಲು.