ಎದ್ದು ಹೊರಡೋದಾ, ಅಲ್ಲೇ ಕೂರೋದಾ?

ಕಂಪನಿ ವಿರುದ್ಧ ದನಿ ಎತ್ತಬೇಕು ಅಂತಿದ್ದೀರಾ? ಗೂಗಲ್‌ನ ಎರಡು ಪ್ರತಿಭಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2018ರ ನವೆಂಬರ್ 1. ಲೈಂಗಿಕ ಕಿರುಕುಳದ ದೂರುಗಳನ್ನು ಕಂಪನಿ ನಿಭಾಯಿಸಿದ ರೀತಿಗೆ ಸಿಟ್ಟಾಗಿ, ಬೆಳಿಗ್ಗೆ 11:10ಕ್ಕೆ ಮೇಜಿನ ಮೇಲೆ ಚೀಟಿ ಬಿಟ್ಟು, ಬೇರೆ ಬೇರೆ ದೇಶಗಳಲ್ಲಿ ಸುಮಾರು 20,000 ಜನ ಎದ್ದು ಹೊರಗೆ ಬಂದರು. ಒಂದೇ ವಾರದಲ್ಲಿ, ಅಂಥ ದೂರು ಕೋರ್ಟಿಗೆ ಹೋಗದಂತೆ ತಡೆಯುತ್ತಿದ್ದ ಕಡ್ಡಾಯ ಮಧ್ಯಸ್ಥಿಕೆಯ ನಿಯಮವನ್ನು ಕಂಪನಿ ಕೈಬಿಟ್ಟಿತು. ಎಲ್ಲಾ ಬೇಡಿಕೆ ಈಡೇರಲಿಲ್ಲ, ನಿಜ.

2024ರ ಏಪ್ರಿಲ್‌ನಲ್ಲಿ, ಇಸ್ರೇಲ್ ಸರ್ಕಾರಕ್ಕೆ ಕ್ಲೌಡ್ ಕಂಪ್ಯೂಟಿಂಗ್ ಸೇವೆ ಕೊಡುವ ನಿಂಬಸ್ ಒಪ್ಪಂದ ಬೇಡ ಅಂತ ಕೆಲವರು ಆಫೀಸಿನಲ್ಲೇ ಧರಣಿ ಕೂತರು. ಸುಮಾರು 50 ಜನರ ಕೆಲಸ ಹೋಯಿತು. ಒಪ್ಪಂದ ಹಾಗೇ ಉಳಿಯಿತು.

ಅವರ ಧೈರ್ಯ ಕಡಿಮೆಯೇನಲ್ಲ. ಆದರೆ 20,000 ಜನರನ್ನು ಒಟ್ಟಿಗೆ ಮನೆಗೆ ಕಳಿಸೋಕೆ ಆಗಲ್ಲ, ಅಲ್ವಾ? ನಾನಾದರೆ ಮೊದಲು ಪಕ್ಕದ ಮೇಜಿನವರ ಹತ್ತಿರ ಮಾತಾಡುತ್ತೇನೆ.