ಸೂರಿನ ಸಂಕ: ಒಂದು ಮಳೆಗಾಲ ಕಳೆದ ಮೇಲೆ

ನಮ್ಮ ತೋಟದ ದಾರಿಯಲ್ಲಿ ಒಂದು ಹಳ್ಳ. ಅದಕ್ಕೆ ಅಜ್ಜನ ಕಾಲದಿಂದಲೂ ಮರದ ಸಂಕ, ಅಂದರೆ ಸಣ್ಣ ಕಾಲುಸೇತುವೆ. ಶಿರಸಿ ಕಡೆ ಮಳೆ ಗೊತ್ತಲ್ಲ, ಮೂರ್ನಾಲ್ಕು ವರ್ಷಕ್ಕೆ ಹಲಗೆ ಮೆತ್ತಗಾಗುತ್ತಿತ್ತು. ಕಾಂಕ್ರೀಟ್ ರೇಟು ಕೇಳಿ ಸುಮ್ನೆ ವಾಪಸ್ ಬಂದೆ, ಕೊನೆಗೆ ಪಕ್ಕದೂರಿನ ಆಚಾರಿಯೊಬ್ಬರಿಗೆ ಕೆಲಸ ಒಪ್ಪಿಸಿದೆ.

ಅವರು ಬಂದವರೇ ಸಂಕಕ್ಕೆ ಸೂರು ಹಾಕೋಣ ಅಂದರು. 16 ಅಡಿ ಸಂಕಕ್ಕೆ ಸೂರಾ ಅಂತ ನಕ್ಕೆ. "ಹೆಗಡೇರೇ, ನಿಮ್ಮ ಹತ್ರ ಕೊಡೆ ಇದೆ, ಮರದ ಹತ್ರ ಇದೆಯಾ?" ಅಂದರು. ರಾತ್ರಿ ಮೊಬೈಲಲ್ಲಿ ಹುಡುಕಿದರೆ ಅಮೆರಿಕದವರೂ ಮಾಡಿದ್ದು ಇದನ್ನೇ. ಕನೆಕ್ಟಿಕಟ್ ನದಿಗೆ 1866ರಲ್ಲಿ ಕಟ್ಟಿದ ಕಾರ್ನಿಶ್-ವಿಂಡ್ಸರ್ ಮರದ ಸೇತುವೆ ಮೇಲೆ ಈಗಲೂ ಕಾರು ಓಡುತ್ತಿವೆ. ಮಾಡು ಗೋಡೆ ಎಲ್ಲ ಇದೆ, ದೂರದಿಂದ ಕೊಟ್ಟಿಗೆ ಥರ ಕಾಣುತ್ತದೆ. ಹಾಗಾಗಿ ಒಪ್ಪಿದೆ.

ಕೆಲಸ ಮಾತ್ರ ಚಂದ. ಹಳೆ ಮನೆ ಕೆಡವಿದಾಗ ಉಳಿದ ಕಿಂದಳ ಮರದ ತೊಲೆ ಎರಡಿದ್ದವು, ಒಂದರ ತುದಿ ಕುಂಬಾಗಿತ್ತು. ನಾನಾಗಿದ್ದರೆ ಒಲೆಗೆ ಹಾಕುತ್ತಿದ್ದೆ. ಅವರು ಹಾಳಾದ ಎರಡಡಿ ಮಾತ್ರ ಕೊಯ್ದು, ಒಂದರೊಳಗೊಂದು ಕೂರುವ ಹಾಗೆ ಕಚ್ಚು ಕೊಟ್ಟು, ಹೊಸ ತುಂಡು ಸೇರಿಸಿ ಬೋಲ್ಟ್ ಹಾಕಿದರು. ತೊಲೆಯ ತುದಿ ಮಣ್ಣಿಗೆ ತಾಗದ ಹಾಗೆ ಚಿರೆಕಲ್ಲಿನ ಮೇಲೆ ಕೂರಿಸಿ, ಸುತ್ತ ಗಾಳಿಯಾಡಲು ಜಾಗ ಬಿಟ್ಟರು. ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು. ವರಲೆ (ಗೆದ್ದಲು) ಹಿಡಿಯದ ಹಾಗೆ ಎರಡು ಸಲ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ (ಕೈಗೆ ತಾಗಿಸಿಕೊಳ್ಳಬೇಡಿ, ಬೊಬ್ಬೆ ಬರುತ್ತದೆ, ನನಗೆ ಬಂತು). ಮೇಲೆ ಹಳೆ ಮನೆಯದೇ ಹಂಚು. ಕೂಲಿ, ಬೋಲ್ಟ್ ಎಲ್ಲ ಸೇರಿ 31,000 ಆಯಿತು.

ಈಗ ತಕರಾರು. ಯುಗಾದಿಗೆ ಬರುತ್ತೇನೆ ಅಂದವರು ಬಂದಿದ್ದು ಮೇ ಕೊನೆಗೆ, ಮಳೆ ತಲೆ ಮೇಲಿತ್ತು. ಆ ಗಡಿಬಿಡಿಯಲ್ಲಿ ಪಡುವಣ ಕಡೆ ಸೂರು ಒಂದು ಮೊಳ ಗಿಡ್ಡವಾಗಿದೆ. ಜುಲೈಯಲ್ಲಿ ಎರಚಲು ಹೊಡೆದು ಆ ಬದಿಯ ಹಲಗೆಯೆಲ್ಲ ಪಾಚಿ, ನಮ್ಮ ಆಯಿ ಜಾರಿ ಬೀಳುವುದು ಸ್ವಲ್ಪದರಲ್ಲೇ ತಪ್ಪಿತು. ಉಳಿದ ಹಲಗೆ ಇಡೀ ಮಳೆಗಾಲ ಒಣಗಿಯೇ ಇತ್ತು, ಅದನ್ನು ಹೇಳಲೇಬೇಕು.

ಇನ್ನೊಂದು. ಒಣ ಜಾಗ ಸಿಕ್ಕಿತು ಅಂತ ಮನೆಯವರೆಲ್ಲ ಅಲ್ಲೇ ಅಡಿಕೆ ಸೋಗೆ, ದರಕು (ಒಣ ಎಲೆ) ಪೇರಿಸಿಡಲು ಶುರು ಮಾಡಿದರು. ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ 14ನೇ ಶತಮಾನದ ಸೂರಿನ ಸೇತುವೆ 1993ರಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಗಿ, ಮರುವರ್ಷ ಮತ್ತೆ ಕಟ್ಟಿದರಂತೆ. ನಮ್ಮಲ್ಲಿ ಬೀಡಿ ಸೇದುವವರು ಕಮ್ಮಿಯಾ? ಎಲ್ಲ ತೆಗೆಸಿದೆ.

ಗಟ್ಟಿ ಕೆಲಸ ಬೇಕು, ತಾರೀಕು ಹೆಚ್ಚು ಕಮ್ಮಿಯಾದರೂ ಅಡ್ಡಿಲ್ಲ ಅನ್ನುವವರು ಇಂಥ ಆಚಾರಿಯನ್ನೇ ಹುಡುಕಿ. ಸೂರಿನ ಅಳತೆ ಹಿಡಿಯುವಾಗ ಮಾತ್ರ ಪಕ್ಕದಲ್ಲೇ ನಿಂತಿರಿ. ದೀಪಾವಳಿ ಮುಗಿಯಿತು, ನಾನಿನ್ನೂ ಆ ಒಂದು ಮೊಳಕ್ಕೆ ಫೋನ್ ಮಾಡುತ್ತಲೇ ಇದ್ದೇನೆ.