ಬಳ್ಳಾರಿ ಬಿಸಿಲಿಗೆ ಸೆಕೆಂಡ್ ಹ್ಯಾಂಡ್ ಕ್ಯಾಮ್ರಿ ಹೈಬ್ರಿಡ್: ಕೊಳ್ಳುವ ಮೊದಲು ಬ್ಯಾಟರಿಯ ಫ್ಯಾನ್ ನೋಡಿ

ನಮ್ಮ ಊರಲ್ಲಿ ಹಳೆಯ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಕಾರು, ಇಟ್ಟುಕೊಳ್ಳಬಹುದಾ ಎಂದು ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಧಾರಾಳವಾಗಿ ಇಟ್ಟುಕೊಳ್ಳಿ ಅನ್ನುತ್ತೇನೆ. ಆದರೆ ಇಂಜಿನ್ ಬಗ್ಗೆ ಆಮೇಲೆ ವಿಚಾರಿಸಿ. ಹಿಂದಿನ ಸೀಟಿನ ಬೆನ್ನಿಗೆ ಕೂತಿರುವ ದೊಡ್ಡ ಬ್ಯಾಟರಿಗೆ ಗಾಳಿ ಸರಿಯಾಗಿ ಹೋಗುತ್ತಿದೆಯಾ ಅನ್ನುವುದನ್ನು ಮೊದಲು ನೋಡಿ. ಬಳ್ಳಾರಿಯಲ್ಲಿ ಈ ಕಾರಿನ ಆಯಸ್ಸು ನಿಂತಿರುವುದು ಅಲ್ಲೇ.

ನನ್ನದು 2014ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್. 2013ರಲ್ಲಿ ಬಿಡದಿಯ ಕಾರ್ಖಾನೆಯಲ್ಲಿ ಜೋಡಿಸಿ ಮಾರಲು ಶುರು ಮಾಡಿದಾಗ ಇದರ ಬೆಲೆ ಮೂವತ್ತು ಲಕ್ಷದ ಆಸುಪಾಸು. ನನಗೆ ಸಿಕ್ಕಿದ್ದು ಒಂದು ಹೊಸ ಸಣ್ಣ ಕಾರಿನ ದುಡ್ಡಿಗೆ. ಇಷ್ಟು ಇಳಿಯಲು ಕಾರಣ ಕಾರಿನ ಗುಣ ಅಲ್ಲ, ಜನರ ಭಯ. ಬ್ಯಾಟರಿ ಹೋದರೆ ಲಕ್ಷಗಟ್ಟಲೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಮೇಲಾಗಿ 2017ರ ಜಿಎಸ್‌ಟಿಯಲ್ಲಿ ದೊಡ್ಡ ಹೈಬ್ರಿಡ್ ಕಾರುಗಳಿಗೆ ಶೇ. 28 ತೆರಿಗೆ, ಅದರ ಮೇಲೆ ಶೇ. 15 ಸೆಸ್, ಒಟ್ಟು ಶೇ. 43 ಬಿತ್ತು. ಹೊಸದು ಕೊಳ್ಳುವವರು ಕಡಿಮೆಯಾದರು. ಕಾರು ಕಡಿಮೆ ಇದ್ದ ಮೇಲೆ ಅದನ್ನು ಬಿಚ್ಚಿ ನೋಡಿದ ಮೆಕ್ಯಾನಿಕ್‌ಗಳೂ ಕಡಿಮೆ. ಬೆಂಗಳೂರಲ್ಲಿ ಹುಡುಕಿದರೆ ಸಿಗುತ್ತಾರೆ. ಬಳ್ಳಾರಿಯಲ್ಲಿ ಒಬ್ಬರು ಸಿಗಬೇಕಾದರೆ ಸಾಕುಬೇಕಾಯಿತು.

ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವಳು. ಮನೆ ಸತ್ಯನಾರಾಯಣಪೇಟೆಯಲ್ಲಿ, ಕೆಲಸ ಹೊಸಪೇಟೆಯಲ್ಲಿ. ಕುಡಿತಿನಿ, ತೋರಣಗಲ್ಲು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 67 ನನ್ನ ದಿನನಿತ್ಯದ ರಸ್ತೆ. ಒಂದು ಕಡೆ ಕುಡಿತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಇನ್ನೊಂದು ಕಡೆ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ, ನಡುವೆ ಸಂಡೂರಿನಿಂದ ಅದಿರು ಹೊತ್ತ ಲಾರಿಗಳು. ಬಿಳಿ ಸೀರೆ ಉಟ್ಟು ಹೋದರೆ ಸಂಜೆಗೆ ಸೆರಗಿನ ಅಂಚು ಕೆಂಪು. ಅದೇ ಧೂಳನ್ನು ಕಾರೂ ಕುಡಿಯುತ್ತದೆ.

ಮೊದಲು ಇದರ ಒಳ್ಳೆಯ ಗುಣ. ಇಂಜಿನ್ ಸುಮಾರು ಎರಡೂವರೆ ಲೀಟರಿನ ಪೆಟ್ರೋಲ್, ಜೊತೆಗೆ ಮೋಟರ್, ಎರಡೂ ಸೇರಿ 200 ಪಿಎಸ್ (ಅಶ್ವಶಕ್ತಿ) ದಾಟುತ್ತದೆ. ಲಾರಿಗಳ ಸಾಲನ್ನು ಓವರ್‌ಟೇಕ್ ಮಾಡುವಾಗ ಆ ಶಕ್ತಿ ಎಷ್ಟು ಧೈರ್ಯ ಕೊಡುತ್ತದೆ ಎಂದು ಈ ರಸ್ತೆಯಲ್ಲಿ ಓಡಾಡುವವರಿಗೆ ಗೊತ್ತು. ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 19.16 ಕಿ.ಮೀ. ನನಗೆ ಡಿಸೆಂಬರ್, ಜನವರಿಯಲ್ಲಿ 18ರ ಹತ್ತಿರ ಬರುತ್ತದೆ, ಏಪ್ರಿಲ್, ಮೇನಲ್ಲಿ 15ಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ಪೆಟ್ರೋಲ್ ಕಾರಿಗೆ 15 ಕೂಡ ದೊಡ್ಡದೇ.

ಸೆಲ್ಫ್ ಮೋಟರ್ ಇಲ್ಲ, ಡೈನಮೋ ಇಲ್ಲ, ಇಂಜಿನ್ನಿನ ಮುಂದೆ ಬೆಲ್ಟೇ ಇಲ್ಲ. ಇಂಜಿನ್ ಎಬ್ಬಿಸುವುದು ಹೈಬ್ರಿಡ್ ಮೋಟರೇ, ನೀರಿನ ಪಂಪು ಮತ್ತು ಏಸಿ ಕಂಪ್ರೆಸರ್ ಎರಡೂ ಕರೆಂಟಿನವು. ಹಾಗಾಗಿ ರೈಲ್ವೆ ಗೇಟ್ ಬಿದ್ದು ಉದ್ದನೆಯ ಗೂಡ್ಸ್ ಗಾಡಿ ಹೋಗುವ ತನಕ ನಿಂತಾಗ ಇಂಜಿನ್ ಆಫ್, ಏಸಿ ಆನ್. ಪಕ್ಕದ ಕಾರಿನವರು ಗಾಜು ಇಳಿಸಿ ಬೀಸಣಿಗೆ ಹಿಡಿದಿರುತ್ತಾರೆ. ನಮ್ಮ ಅತ್ತೆಯವರಿಗೆ ಇದೊಂದೇ ಸಾಕಾಯಿತು. ಕುರುಗೋಡು ದೊಡ್ಡಬಸವೇಶ್ವರನ ಜಾತ್ರೆಗೆ ಈ ಕಾರಿನಲ್ಲಿ ಅಲ್ಲದೆ ಬರುವುದಿಲ್ಲ ಎಂದು ಹಟ.

ಬ್ರೇಕ್ ಪ್ಯಾಡ್ ಬಹಳ ಬಾಳುತ್ತದೆ. ಕಾಲು ಎತ್ತಿದಾಗಲೂ ಬ್ರೇಕ್ ಒತ್ತಿದಾಗಲೂ ಮೋಟರ್ ತಾನೇ ತಡೆದು, ಆ ಶಕ್ತಿಯನ್ನು ಬ್ಯಾಟರಿಗೆ ಕಳಿಸುವುದರಿಂದ ಪ್ಯಾಡಿಗೆ ಕೆಲಸ ಕಡಿಮೆ. ಕೆಲಸ ಕಡಿಮೆ ಇರುವುದಕ್ಕೇ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ನುಗಳು ಧೂಳಿಗೆ ಬಿಗಿಯಾಗುತ್ತವೆ, ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಚ್ಚಿಸುತ್ತೇನೆ. ಇಂಜಿನ್ ಆಯಿಲ್ 0ಡಬ್ಲ್ಯು-20. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗುವಂತೆ ಬದಲಿಸುವ ಇನ್ವರ್ಟರಿಗೆ ಬೇರೆಯದೇ ಕೂಲಂಟ್ ಬಾಟಲಿ ಇದೆ, ಅದನ್ನು ಸರ್ವಿಸ್ ಮಾಡುವವರಿಗೆ ತೋರಿಸಿಯೇ ಹೇಳಬೇಕು. ರೇಡಿಯೇಟರ್ ನೋಡಿ ಬಾನೆಟ್ ಮುಚ್ಚುವವರೇ ಜಾಸ್ತಿ.

ಈಗ ಬ್ಯಾಟರಿ. ಇದು ನಿಕಲ್ ಮೆಟಲ್ ಹೈಡ್ರೈಡ್. ಒಂದು ಸೆಲ್ಲಿಗೆ 1.2 ವೋಲ್ಟ್, ಆರು ಸೆಲ್ ಸೇರಿ ಒಂದು ಮಾಡ್ಯೂಲ್, ಅಂಥ 34 ಮಾಡ್ಯೂಲ್. ಗುಣಿಸಿದರೆ 244.8 ವೋಲ್ಟ್. ಮಕ್ಕಳಿಗೆ ತರಗತಿಯಲ್ಲಿ ಇದೇ ಲೆಕ್ಕ ಮಾಡಿಸುತ್ತೇನೆ. ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ಸೆಲ್ ಕಾದರೆ ಚಾರ್ಜ್ ಹಿಡಿಯುವುದು ಕಡಿಮೆಯಾಗುತ್ತದೆ, ಹಿಡಿಯದೆ ಉಳಿದ ಶಕ್ತಿ ಮತ್ತೆ ಶಾಖವಾಗುತ್ತದೆ, ಅದರಿಂದ ಇನ್ನಷ್ಟು ಕಾಯುತ್ತದೆ. ಬಹಳ ದಿನ ಹೀಗೇ ನಡೆದರೆ ದ್ರಾವಣ ಒಣಗುತ್ತಾ ಬರುತ್ತದೆ. ಎಲ್ಲ ಸೆಲ್ಲೂ ಒಂದೇ ಸಾಲಿನಲ್ಲಿ ಜೋಡಿಸಿರುವುದರಿಂದ ಒಂದು ಮಾಡ್ಯೂಲ್ ಸೋತರೆ ಇಡೀ ಬ್ಯಾಟರಿಯೇ ಸೋತಂತೆ.

ನನ್ನ ತಮ್ಮ ಕೆನಡಾದ ಕ್ಯಾಲ್ಗರಿಯಲ್ಲಿದ್ದಾನೆ. ಅವನದೂ ಸೆಕೆಂಡ್ ಹ್ಯಾಂಡ್ ಹೈಬ್ರಿಡ್, ಪ್ರಿಯಸ್. ಒಂದೇ ಜಾತಿಯ ಬ್ಯಾಟರಿ, ಕಷ್ಟ ಮಾತ್ರ ಪೂರ್ತಿ ಉಲ್ಟಾ. ಅಲ್ಲಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋದ ದಿನ ಬ್ಯಾಟರಿ ಕರೆಂಟ್ ಕೊಡಲೂ ಒಲ್ಲದು, ತಗೊಳ್ಳಲೂ ಒಲ್ಲದು. ಕಾರಿನ ಒಳಗೆ ಬೆಚ್ಚಗಾಗಬೇಕಾದರೆ ಇಂಜಿನ್ನಿನ ಬಿಸಿನೀರೇ ಗತಿ, ಹಾಗಾಗಿ ಸಿಗ್ನಲ್‌ನಲ್ಲಿ ನಿಂತರೂ ಇಂಜಿನ್ ಓಡುತ್ತಲೇ ಇರುತ್ತದಂತೆ. ಮೈಲೇಜ್ ಕರಗಿಹೋಗುತ್ತದೆ. ರಾತ್ರಿ ಮನೆಯ ಪ್ಲಗ್ಗಿಗೆ ವೈರ್ ಸಿಕ್ಕಿಸಿ ಇಂಜಿನ್ ಬೆಚ್ಚಗಿಡುವ ಹೀಟರ್, ಚಳಿಗಾಲಕ್ಕೇ ಬೇರೆ ಟೈರ್, ಹಿಮ ಕರಗಲಿ ಎಂದು ರಸ್ತೆಗೆ ಸುರಿಯುವ ಉಪ್ಪಿನಿಂದ ಕೆಳಗಿನ ತಗಡಿಗೆ ತುಕ್ಕು.

‘ಅಕ್ಕಾ, ಇಲ್ಲಿ ಬ್ಯಾಟರಿಗಿಂತ ಮುಂಚೆ ತಗಡೇ ಹೋಗ್ತೈತೆ’ ಅಂದ ಒಮ್ಮೆ ಫೋನಿನಲ್ಲಿ.

‘ನಿಮ್ಮ ಚಳಿ ಒಂದು ನಾಲ್ಕು ತಿಂಗಳು ಇಲ್ಲಿಗೆ ಕಳಿಸಪ್ಪಾ’ ಅಂದೆ. ಮನಸಿಟ್ಟೇ ಅಂದೆ. ಯಾಕಂದರೆ ಅವನ ಚಳಿ ಬ್ಯಾಟರಿಯ ಕೆಲಸ ತಡೆಯುತ್ತದೆ, ಬೆಚ್ಚಗಾದ ಮೇಲೆ ಅದು ಮತ್ತೆ ಮೊದಲಿನ ಹಾಗೆ ದುಡಿಯುತ್ತದೆ. ನಮ್ಮ ಬಿಸಿಲು ಆಯಸ್ಸನ್ನೇ ತಿನ್ನುತ್ತದೆ, ತಿಂದದ್ದು ವಾಪಸ್ ಬರುವುದಿಲ್ಲ. ಬಳ್ಳಾರಿಯ ಚಳಿಗಾಲ ಅಂದರೆ ಬೆಳಗಿನ ಜಾವ 15, 16 ಡಿಗ್ರಿ. ಹೈಬ್ರಿಡ್ ಬ್ಯಾಟರಿಗೆ ಅದರಷ್ಟು ಹಿತವಾದ ಹವೆ ಇನ್ನೊಂದಿಲ್ಲ. ಮೇ ತಿಂಗಳ 42 ಡಿಗ್ರಿಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಿನ ಕಾವು ಕೇಳಲೇಬೇಡಿ.

ಈ ಕಾರಿನ ಬ್ಯಾಟರಿ ತಣ್ಣಗಾಗುವುದು ನಾವು ಕೂತ ಜಾಗದ ಗಾಳಿಯಿಂದ. ಹಿಂದಿನ ಸೀಟಿನ ಬಳಿ ಒಂದು ಗಾಳಿಕಿಂಡಿ ಇದೆ, ಅಲ್ಲಿಂದ ಒಂದು ಫ್ಯಾನ್ ಗಾಳಿ ಎಳೆದು ಮಾಡ್ಯೂಲ್‌ಗಳ ಸಂದಿಯಲ್ಲಿ ಹಾಯಿಸುತ್ತದೆ. ಅಂದರೆ ನಾನು ಏಸಿ ಹಾಕಿದರೆ ಬ್ಯಾಟರಿಗೂ ಏಸಿ. ಪೆಟ್ರೋಲ್ ಉಳಿಸಲು ಗಾಜು ಇಳಿಸಿಕೊಂಡು ಹೋದರೆ ಬ್ಯಾಟರಿಗೆ ಸಿಗುವುದು ತೋರಣಗಲ್ಲಿನ ಬಿಸಿಗಾಳಿ ಮತ್ತು ಅದಿರಿನ ಪುಡಿ. ಬೇಸಿಗೆಯಲ್ಲಿ ಏಸಿ ಹಾಕಲು ಜಿಪುಣತನ ಮಾಡುವವರು ಈ ಕಾರು ಕೊಳ್ಳಬೇಡಿ.

ನನ್ನ ಕಾರು ಬಂದ ಮೊದಲ ಬೇಸಿಗೆಯಲ್ಲೇ ಹಿಂದಿನಿಂದ ಗುಂಯ್ ಅನ್ನುವ ಸದ್ದು ಹೆಚ್ಚಾಯಿತು. ಕಾರಿನ ಕಂಪ್ಯೂಟರ್ ಪೋರ್ಟಿಗೆ ಸಿಕ್ಕಿಸುವ ಸಣ್ಣ ಡಾಂಗಲ್ ತರಿಸಿ ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ, ಮಧ್ಯಾಹ್ನ ಹೊಸಪೇಟೆಯಿಂದ ವಾಪಸ್ ಬರುವಾಗ ಬ್ಯಾಟರಿಯ ಉಷ್ಣತೆ 50ರ ಹತ್ತಿರ. ಬೇರೆ ಊರಿನ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ಗಾಡಿ ನೋಡುವುದಕ್ಕೂ ಮುಂಚೆ ಪೂರ್ತಿ ಬ್ಯಾಟರಿ ಬದಲಿಸಿ ಎಂಬ ಉತ್ತರ ಬಂತು. ನನಗೆ ಸಿಟ್ಟು ಬಂತು. ಜ್ವರ ಅಂದ ಕೂಡಲೇ ಆಪರೇಷನ್ನಿಗೆ ಬರೆದ ಹಾಗಾಯಿತು.

ಕೌಲ್ ಬಜಾರ್ ಕಡೆ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಎಲ್ಲರೂ ಭಾಯ್ ಅನ್ನುತ್ತಾರೆ. ಅವರ ಅಂಗಡಿ ಎರಡು ಕಾರು ನಿಲ್ಲುವಷ್ಟು ಅಗಲ, ಅಷ್ಟೆ. ಹೈಬ್ರಿಡ್ ಅಂದ ತಕ್ಷಣ ಅವರು ಮೊದಲು ಹೇಳಿದ್ದು: ‘ಮೇಡಂ, ಆರೆಂಜ್ ವೈರಿಗೆ ನಾನು ಕೈ ಹಚ್ಚಂಗಿಲ್ಲ. ಗೊತ್ತಿಲ್ಲದ್ದು ಗೊತ್ತೈತೆ ಅನ್ನಲ್ಲ.’ ಆ ಮಾತಿಗೇ ನನಗೆ ನಂಬಿಕೆ ಬಂತು. ಕಿತ್ತಳೆ ಬಣ್ಣದ ವೈರುಗಳಲ್ಲಿ ಹರಿಯುವುದು ಜೀವ ತೆಗೆಯುವ ವೋಲ್ಟೇಜ್. ಇಬ್ಬರೂ ಕೂತು ಕಂಪನಿಯ ಸರ್ವಿಸ್ ವಿಧಾನ ಓದಿದೆವು. ಅವರು ರಬ್ಬರ್ ಗ್ಲೌಸ್ ತರಿಸಿದರು. ಕಾರು ಆಫ್ ಮಾಡಿ, 12 ವೋಲ್ಟಿನ ಬ್ಯಾಟರಿಯ ನೆಗೆಟಿವ್ ತೆಗೆದು, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆದಿಟ್ಟು, ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಉಳಿದ ಕರೆಂಟ್ ಖಾಲಿಯಾಗಲಿ ಎಂದು ಹತ್ತು ನಿಮಿಷ ಕಾದು, ಆಮೇಲೆ ಫ್ಯಾನ್ ಕಡೆ ಹೋದರು. ಎಳೆದ ಪ್ಲಗ್ಗನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡರು, ಹುಡುಗರು ಯಾರೂ ಮತ್ತೆ ಸಿಕ್ಕಿಸಬಾರದೆಂದು.

ಫ್ಯಾನಿನ ರೆಕ್ಕೆಗಳ ನಡುವೆ ಸಂದಿಯೇ ಇರಲಿಲ್ಲ. ಕೆಂಪು ಧೂಳು, ಸೀಟಿನ ನೂಲು, ಕೂದಲು ಸೇರಿ ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಮೃದುವಾದ ಬ್ರಷ್ಷಿನಲ್ಲಿ ತೆಗೆದು, ದಾರಿಯ ಪೈಪನ್ನೂ ವ್ಯಾಕ್ಯೂಮ್ ಮಾಡಿ ಕೂರಿಸಿದರು. ಅದೇ ವಾರ, ಅದೇ ಬಿಸಿಲಲ್ಲಿ ಉಷ್ಣತೆ 42, 43ಕ್ಕೆ ಇಳಿಯಿತು, ಗುಂಯ್ ಸದ್ದೂ ಅಡಗಿತು. ಬ್ಯಾಟರಿ ಅದೇ ಇದೆ, ಈಗಲೂ ಅದರಲ್ಲೇ ಓಡಾಡುತ್ತಿದ್ದೇನೆ. ಭಾಯ್ ತಗೊಂಡ ದುಡ್ಡು ಒಂದು ಸಾಧಾರಣ ಸರ್ವಿಸಿಗಿಂತ ಕಡಿಮೆ. ಕೆಲಸ ಹೇಳಿದ ದಿನಕ್ಕೇ ಮುಗಿಸಿದರು, ಬಿಚ್ಚಿದ ಒಂದು ಕ್ಲಿಪ್ಪೂ ಕಳೆಯಲಿಲ್ಲ. ಈಗ ಯುಗಾದಿಗೆ ಮುಂಚೆ ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ ಅಲ್ಲಿ ಫ್ಯಾನ್ ಕ್ಲೀನ್ ಆಗಲೇಬೇಕು. ಗಾಳಿಕಿಂಡಿಗೆ ದಪ್ಪ ಬಟ್ಟೆ ಕಟ್ಟುವ ಐಡಿಯಾ ಕೆಲವರು ಕೊಟ್ಟರು, ಒಪ್ಪಲಿಲ್ಲ. ಧೂಳಿನ ಜೊತೆ ಗಾಳಿಯೂ ನಿಲ್ಲುತ್ತದೆ. ಅತ್ತೆಯವರಿಗೂ ಹೇಳಿದ್ದೇನೆ, ಕೈಚೀಲ ಆ ಕಿಂಡಿಗೆ ಅಡ್ಡ ಇಡಬಾರದೆಂದು. ಈಗ ಅವರೇ ಮೊಮ್ಮಕ್ಕಳಿಗೆ ಹೇಳುತ್ತಾರೆ.

ಡಿಕ್ಕಿಯಲ್ಲಿರುವ 12 ವೋಲ್ಟಿನ ಸಣ್ಣ ಬ್ಯಾಟರಿ ಬೇರೆ. ಅದು ಸತ್ತರೆ ದೊಡ್ಡ ಬ್ಯಾಟರಿ ಎಷ್ಟು ತುಂಬಿದ್ದರೂ ಕಾರು ‘ರೆಡಿ’ ಆಗುವುದಿಲ್ಲ, ಯಾಕಂದರೆ ಕಂಪ್ಯೂಟರುಗಳು ಏಳುವುದು ಅದರ ಕರೆಂಟಿನಲ್ಲಿ. ನನ್ನದು ಹಳೆಯದಾಗಿ ಹೋದಾಗ ಒಂದು ಅಂಗಡಿಯಲ್ಲಿ ಮಾಮೂಲಿ ಆಸಿಡ್ ಬ್ಯಾಟರಿ ಹಾಕಿಕೊಡಲು ಬಂದರು. ಬೇಡ ಅಂದೆ. ಕೂರುವ ಜಾಗದ ಬೆನ್ನಿಗೇ ಇರುವ ಬ್ಯಾಟರಿ ಅದು, ಅದರ ಗ್ಯಾಸ್ ಪೈಪಿನ ಮೂಲಕ ಹೊರಗೆ ಹೋಗಬೇಕು. ಆಸಿಡ್ ಚೆಲ್ಲದಂತೆ ಗಾಜಿನ ನಾರಿನಲ್ಲಿ ಹೀರಿಸಿಟ್ಟಿರುವ ಎಜಿಎಂ ಜಾತಿಯದೇ ತರಿಸಿ ಹಾಕಿಸಿದೆ. ದುಬಾರಿ, ಆದರೂ ಅದೇ ಸರಿ.

ಡಿಕ್ಕಿ ಚಿಕ್ಕದು, ದೊಡ್ಡ ಬ್ಯಾಟರಿ ಜಾಗ ತಿಂದಿದೆ. ಸಿರುಗುಪ್ಪದಿಂದ ವರ್ಷದ ಅಕ್ಕಿ ತರಲು ಅಣ್ಣನ ಬೊಲೆರೊನೇ ಬೇಕು. ಊರೂರಿನವರು ಅಳತೆಯಿಲ್ಲದೆ ಹಾಕಿಕೊಂಡ ಹಂಪುಗಳನ್ನು ಓರೆಯಾಗಿ ಹತ್ತಿಸಿ ಇಳಿಸಬೇಕು. ಇನ್ಶೂರೆನ್ಸ್ ಕಟ್ಟುವಾಗ ಆರ್‌ಸಿಯಲ್ಲಿ ಹೈಬ್ರಿಡ್ ಎಂದು ನಮೂದಾಗಿದೆಯಾ ನೋಡಿಕೊಳ್ಳಿ. 2022ರಿಂದ ಹೈಬ್ರಿಡ್ ವಾಹನಗಳಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಶೇ. 7.5 ರಿಯಾಯಿತಿ ಇದೆ, ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಕೊಳ್ಳುವವರು ಡಿಸೆಂಬರಿನ ಬೆಳಗಿನ ಹೊತ್ತು ಕಾರು ನೋಡಲು ಹೋಗಬೇಡಿ. ಆ ತಂಪಿನಲ್ಲಿ ಸೋತ ಬ್ಯಾಟರಿಯೂ ಚೆನ್ನಾಗಿ ನಡೆದು ತೋರಿಸುತ್ತದೆ. ಏಪ್ರಿಲ್ಲೋ ಮೇನೋ ಮಧ್ಯಾಹ್ನ ಮೂರಕ್ಕೆ ಹೋಗಿ, ಡಾಂಗಲ್ ಸಿಕ್ಕಿಸಿ, ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಮಾಡ್ಯೂಲ್‌ಗಳು ಎರಡೆರಡರಂತೆ 17 ಬ್ಲಾಕ್ ಆಗಿ ಆ್ಯಪ್‌ನಲ್ಲಿ ಕಾಣುತ್ತವೆ. ಜೋರಾಗಿ ಎಕ್ಸಲರೇಟರ್ ಒತ್ತಿದಾಗ 17ರ ವೋಲ್ಟೇಜೂ ಒಟ್ಟಿಗೆ ಇಳಿದು ಒಟ್ಟಿಗೆ ಏರಬೇಕು. ಒಂದೇ ಒಂದು ಬ್ಲಾಕ್ ಪ್ರತಿಸಲ ಹಿಂದೆ ಬಿದ್ದರೆ ಅಲ್ಲಿ ಸೋತ ಮಾಡ್ಯೂಲ್ ಇದೆ. ‘ಪಿ0ಎ80’ ಅನ್ನುವ ಕೋಡ್ ಇತ್ತೀಚೆಗೆ ಅಳಿಸಿದ್ದಾರಾ ಅನ್ನುವುದೂ ಮುಖ್ಯ, ಅದು ಬ್ಯಾಟರಿ ಬದಲಿಸು ಎನ್ನುವ ಕೋಡ್. ನಮ್ಮ ಕಾಲೇಜಿನ ಭೌತಶಾಸ್ತ್ರದ ಸಹೋದ್ಯೋಗಿ ಹೋದ ಬೇಸಿಗೆಯಲ್ಲಿ ಹೀಗೇ ನೋಡಿ, ಎರಡು ಬ್ಲಾಕ್ ಹಿಂದೆ ಬಿದ್ದದ್ದನ್ನು ಮಾಲೀಕರಿಗೇ ಮೊಬೈಲಿನಲ್ಲಿ ತೋರಿಸಿದರು. ಮಾಲೀಕರು ಬೆಲೆ ಇಳಿಸಲು ತಯಾರಿದ್ದರು. ಇವರು ಕೊಳ್ಳಲಿಲ್ಲ, ಇನ್ನೊಂದು ಹುಡುಕುತ್ತಿದ್ದಾರೆ. ಸಿಕ್ಕಿದ ದಿನ ಮೊದಲು ಭಾಯ್ ಅಂಗಡಿಗೆ ಒಯ್ದು ಫ್ಯಾನ್ ಬಿಚ್ಚಿಸುವುದೆಂದು ಈಗಲೇ ಮಾತಾಗಿದೆ.